ಜೋಡಿ ಸರಿಯಿಲ್ಲ

ಫೈಟಿಂಗ್ ಪಿಕ್ಚರ್ ಬಿಡುವ ಹೊತ್ತಿಗೆ ಟಾಕೀಸಿನ ಗೇಟಿನ ಬಳಿ ಐದು ನಿಮಿಷ ನಿಂತರೆ ಸಾಕು, ಆ ಚಿತ್ರದ ಹಣೆಬರಹ ಗೊತ್ತಾಗಿಬಿಡುತ್ತಿತ್ತು. ಮುಂದಿನ ಆಟಕ್ಕೆ ಕಾದು ನಿಂತವರು ಹೊರಗೆ ಬಂದವರನ್ನು ಕೇಳುವ ಪ್ರಶ್ನೆ ಒಂದೇ: ಹೆಂಗೈತೆ? ಉತ್ತರವೂ ಚಿಕ್ಕದು. ಒಂದ್ಸಲ ನೋಡಬಹುದು. ಫೈಟ್ ಐತೆ, ಕತೆ ಇಲ್ಲ. ಇಂಟರ್‌ವಲ್ ಆದಮೇಲೆ ಬೋರು. ಚಿತ್ರದ ಹೆಸರಿನ ಮುಂದೆ 2 ಎಂಬ ಅಂಕಿ ಇದ್ದರೆ ಉತ್ತರ ಇನ್ನೂ ಚಿಕ್ಕದಾಗುತ್ತಿತ್ತು. ಮೊದಲನೇದರಂಗಿಲ್ಲ. ಇಷ್ಟು ಹೇಳಿ ಬೀಡಿ ಹಚ್ಚಿಕೊಂಡು ಸೈಕಲ್ ಹತ್ತಿ ಹೋಗುವವರ ಮಾತನ್ನು ಯಾರೂ ಬರೆದಿಟ್ಟುಕೊಂಡಿಲ್ಲ. ಪತ್ರಿಕೆಗಳ ವಿಮರ್ಶಕರು ಇಂಥ ಚಿತ್ರಗಳಿಗೆ ಕಾಲು ಕಾಲಂ ಜಾಗ ಕೊಟ್ಟು, 'ಸಾಹಸಪ್ರಿಯರಿಗೆ ಇಷ್ಟವಾಗಬಹುದು' ಎಂದು ಮುಗಿಸುತ್ತಿದ್ದರು. ಆ ಸಾಹಸಪ್ರಿಯರು ಯಾರು, ಅವರಿಗೆ ಏನು ಇಷ್ಟ, ಏನು ಇಷ್ಟವಿಲ್ಲ ಎಂದು ಕೇಳುವ ಗೋಜಿಗೆ ಹೋದವರು ಕಡಿಮೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ - ಈ ನಾಲ್ಕು ಊರುಗಳ ಟಾಕೀಸು, ಟೆಂಟುಗಳಲ್ಲಿ ನಾನು ನೋಡಿದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಹೊಡೆದಾಟದವು. ಕರಾಟೆ, ಕುಂಗ್‌ಫೂ, ಪೊಲೀಸು, ರೌಡಿ ಎಂಬ ಭೇದ ನಮ್ಮ ಕಡೆ ಇರಲಿಲ್ಲ. ಎಲ್ಲವೂ ಫೈಟಿಂಗ್ ಪಿಕ್ಚರೇ. ಇವುಗಳನ್ನು ನೋಡಿದವರ ಅಭಿಪ್ರಾಯವನ್ನು ನಾವು, ಓದಿದವರು, ಅಭಿಪ್ರಾಯವೆಂದೇ ಎಣಿಸಲಿಲ್ಲ. ನಾನೂ ಎಣಿಸಿರಲಿಲ್ಲ. ಕಾಲೇಜಿಗೆ ಹೋಗಿ ನಾಲ್ಕು ಪುಸ್ತಕ ಓದಿದ ಮೇಲೆ ಅಂಥ ಚಿತ್ರ ನೋಡಿದ್ದನ್ನು ಹೇಳಿಕೊಳ್ಳಲು ನಾಚಿಕೆಪಟ್ಟವನು ನಾನು. ಈಗ ಹಿಂತಿರುಗಿ ನೋಡಿದರೆ ನೆಲದ ಮೇಲೆ ಕೂತು ನೋಡಿದವರ ಹತ್ತಿರ ಒಂದು ಗಟ್ಟಿಯಾದ ಅಳತೆಗೋಲು ಇತ್ತು, ಕುರ್ಚಿಯ ಮೇಲೆ ಕೂತ ನಮ್ಮ ಹತ್ತಿರ ಇರಲಿಲ್ಲ ಅನ್ನಿಸುತ್ತದೆ.

ಆ ಅಳತೆಗೋಲನ್ನು ನನಗೆ ತೋರಿಸಿದವರು ನನ್ನ ತಾಯಿಯ ಅಣ್ಣ. ನಾವು ದೊಡ್ಡ ಮಾಮೂ ಎನ್ನುತ್ತಿದ್ದೆವು. ಯೌವನದಲ್ಲಿ ಗರಡಿಯಲ್ಲಿ ಸಾಮು ಮಾಡಿದ ಮೈ. ಮೈಸೂರು ಸೀಮೆಯ ಗರಡಿಮನೆಗಳನ್ನು ಬಲ್ಲವರಿಗೆ ಗೊತ್ತು, ಅಲ್ಲಿಯ ಮಟ್ಟಿಯಲ್ಲಿ ಗೌಡರ ಹುಡುಗ, ನಾಯಕರ ಹುಡುಗ, ಸಾಬರ ಹುಡುಗ ಎಲ್ಲರಿಗೂ ಅದೇ ಕೆಮ್ಮಣ್ಣು. ಕಲಿಸುವವನು ವಸ್ತಾದ್, ಕಲಿಯುವವನು ಪೈಲ್ವಾನ್. ಎರಡೂ ಮಾತು ಎಲ್ಲಿಂದ ಬಂದವು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಈ ಗರಡಿಯ ವಿದ್ಯೆಯಲ್ಲಿ ಕುಸ್ತಿಗಿಂತ ಮುಂಚಿನ ಒಂದು ಕೆಲಸವಿದೆ, ಜೋಡಿ ಕಟ್ಟುವುದು. ಮೈಸೂರು ದಸರಾ ಕುಸ್ತಿಗೆ ಮುಂಚೆ ಇಂದಿಗೂ ಪೈಲ್ವಾನರನ್ನು ಸೇರಿಸಿ ಜೋಡಿ ಕಟ್ಟುತ್ತಾರೆ. ತೂಕ, ವಯಸ್ಸು, ಅನುಭವ, ಎಲ್ಲ ನೋಡಿ ಹಿರಿಯರು ಇವನಿಗೆ ಅವನು ಎಂದು ಗೊತ್ತುಮಾಡುತ್ತಾರೆ. ಜೋಡಿ ತಪ್ಪಿದರೆ ಗೆದ್ದವನಿಗೂ ಮರ್ಯಾದೆ ಇಲ್ಲ, ನೋಡಿದವನಿಗೂ ತೃಪ್ತಿಯಿಲ್ಲ. ದೊಡ್ಡ ಮಾಮೂ ಸಿನಿಮಾ ನೋಡುತ್ತಿದ್ದುದೂ ಇದೇ ಕಣ್ಣಿನಿಂದ. ನಾಯಕ ಒಂದೇ ಏಟಿಗೆ ಹತ್ತು ಜನರನ್ನು ಬೀಳಿಸಿದಾಗ ಟೆಂಟೆಲ್ಲ ಶಿಳ್ಳೆ ಹೊಡೆಯುತ್ತಿದ್ದರೆ ಅವರು ಮಾತ್ರ ತಲೆಯಾಡಿಸಿ, 'ಜೋಡಿ ಸರಿಯಿಲ್ಲ ಬೇಟಾ' ಎನ್ನುತ್ತಿದ್ದರು. ಆಗ ನನಗದು ಮುದುಕರ ಗೊಣಗಾಟ ಅನ್ನಿಸುತ್ತಿತ್ತು.

ಈ ಮಾತು ಗರಡಿಗೆ ಮಾತ್ರ ಸೇರಿದ್ದಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನೋಡಿರುತ್ತಾರೆ. 1780ರಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಸೈನ್ಯವನ್ನು ಸೋಲಿಸಿದ ಯುದ್ಧ ಅದು. ಗೆದ್ದವರು ಬರೆಸಿದ ಚಿತ್ರ. ಆದರೆ ಚಿತ್ರಕಾರ ಸೋತವರನ್ನು ಕಡ್ಡಿಪುಡಿ ಮಾಡಿಲ್ಲ. ಬೈಲಿಯ ಸಿಪಾಯಿಗಳು ಚೌಕಾಕಾರದಲ್ಲಿ, ಬಂದೂಕು ಹಿಡಿದು, ಸಾಲು ಬಿಡದೆ ನಿಂತಿದ್ದಾರೆ. ಮದ್ದಿನ ಬಂಡಿ ಸಿಡಿದು ಹೊತ್ತಿ ಉರಿಯುತ್ತಿದ್ದರೂ ನಿಂತಿದ್ದಾರೆ. ಅವರು ಹಾಗೆ ನಿಂತದ್ದರಿಂದಲೇ ಗೆಲುವಿಗೆ ಬೆಲೆ. ನಮ್ಮ ಸೀಮೆಯ ಮೊದಲ ಫೈಟಿಂಗ್ ಚಿತ್ರ ಎಂದು ನಾನು ತಮಾಷೆಗೆ ಕರೆಯುವ ಈ ಗೋಡೆಯಲ್ಲಿ ಜೋಡಿ ಸರಿಯಾಗಿದೆ.

ಇನ್ನು ಬ್ರೂಸ್ ಲೀ. ಅವನು 1973ರ ಜುಲೈ 20ರಂದು ತೀರಿಕೊಂಡ. ಅದಾದ ಎಷ್ಟೋ ವರ್ಷಗಳ ಮೇಲೆ ನಾನು ಅವನನ್ನು ಟೆಂಟಿನಲ್ಲಿ ನೋಡಿದೆ. ಸಂಜೆ ಘಂಟಸಾಲರ ಭಕ್ತಿಗೀತೆ ಲೌಡ್‌ಸ್ಪೀಕರಿನಲ್ಲಿ ಶುರುವಾಯಿತೆಂದರೆ ಟಿಕೆಟ್ ಕೊಡಲು ಆರಂಭಿಸಿದರು ಎಂದರ್ಥ. ನೆಲ, ಬೆಂಚು, ಕುರ್ಚಿ - ಮೂರು ದರ್ಜೆ. ನೆಲದವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಹಿಂದಿನವರಿಗೆ ಕಾಣುವುದಿಲ್ಲವೆಂದು ಜಗಳ. ಚಿತ್ರ ಇಂಗ್ಲಿಷಿನಲ್ಲಿ. ಯಾರಿಗೂ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಕನ್ನಡಕ್ಕೆ ಡಬ್ ಮಾಡುವುದು ನಿಂತು ಹೋಗಿದ್ದ ಕಾಲ ಅದು. 1960ರ ದಶಕದಿಂದ ಚಿತ್ರೋದ್ಯಮ ಕಟ್ಟಿಕೊಂಡು ಬಂದಿದ್ದ ಆ ಕಟ್ಟುಪಾಡಿನ ವಿರುದ್ಧ ಕಾಂಪಿಟಿಷನ್ ಕಮಿಷನ್ ತೀರ್ಪು ಕೊಟ್ಟದ್ದು 2015ರಲ್ಲಿ. ಡಬ್ಬಿಂಗ್ ಬೇಕೋ ಬೇಡವೋ ಎಂಬ ವಾದ ಬೇರೆಯದು, ಅದರ ಗೋಜಿಗೆ ನಾನಿಲ್ಲಿ ಹೋಗುವುದಿಲ್ಲ. ಆದರೆ ಅದರಿಂದ ಒಂದು ವಿಚಿತ್ರ ಪ್ರಯೋಜನವಾಯಿತು. ಮಾತು ಅರ್ಥವಾಗದ ಪ್ರೇಕ್ಷಕ ಮೈಯನ್ನು ಓದಲು ಕಲಿತ. ಹೆಜ್ಜೆ ಎಲ್ಲಿ ಇಡುತ್ತಾನೆ, ಉಸಿರು ಎಲ್ಲಿ ಬಿಡುತ್ತಾನೆ, ಏಟು ನಿಜವಾಗಿ ತಗುಲಿತೋ ಇಲ್ಲವೋ, ಬಿದ್ದವನು ಬೀಳುವ ಮೊದಲೇ ಬೀಳಲು ತಯಾರಾಗಿದ್ದನೋ ಎಂಬುದೆಲ್ಲ ಅವನಿಗೆ ಕಾಣತೊಡಗಿತು.

ಹೀಗೆ ಕಣ್ಣು ಪಳಗಿದವರ ಮುಂದೆ ನಕಲಿ ಬ್ರೂಸ್ ಲೀ ಬಂದರೆ ಏನಾಗಬೇಡ? 'ಫಿಸ್ಟ್ ಆಫ್ ಫ್ಯೂರಿ' (1972) ಚಿತ್ರದ ಕೊನೆಯಲ್ಲಿ ನಾಯಕ ಚೆನ್ ಜೆನ್ ಬಂದೂಕುಗಳ ಮೇಲೆ ನೆಗೆದು ಸಾಯುತ್ತಾನೆ. ನಾಯಕನೇ ಸತ್ತ ಮೇಲೆ ಎರಡನೆಯ ಭಾಗ ಹೇಗೆ? ಹಾಂಗ್‌ಕಾಂಗಿನ ವ್ಯಾಪಾರಿಗಳಿಗೆ ಅದೊಂದು ತೊಡಕೇ ಅಲ್ಲ. 1976ರಲ್ಲಿ ಹಳೆಯ ನಿರ್ದೇಶಕ ಲೋ ವೇ ಆಗಿನ್ನೂ ಹೆಸರು ಮಾಡದ ಜಾಕಿ ಚಾನ್‌ನನ್ನು ಇಟ್ಟುಕೊಂಡು 'ನ್ಯೂ ಫಿಸ್ಟ್ ಆಫ್ ಫ್ಯೂರಿ' ತೆಗೆದ, ಅದು ಬಿದ್ದುಹೋಯಿತು. ಮರುವರ್ಷ ಬಂದ 'ಫಿಸ್ಟ್ ಆಫ್ ಫ್ಯೂರಿ 2' ಎಂಬುದರಲ್ಲಿ ಸತ್ತ ನಾಯಕನ ತಮ್ಮ ಸೇಡು ತೀರಿಸಲು ಬಂದ. ಆ ಪಾತ್ರ ಮಾಡಿದವನು ತೈವಾನಿನ ಹೋ ಚುಂಗ್ ಟಾವೋ, ಪೋಸ್ಟರಿನಲ್ಲಿ ಅವನ ಹೆಸರು ಬ್ರೂಸ್ ಲಿ. ಕನ್ನಡದಲ್ಲಿ ಬರೆದರೆ ದೀರ್ಘ ಒಂದು ಹೋಯಿತು, ಅಷ್ಟೇ ವ್ಯತ್ಯಾಸ! ಇದಕ್ಕಿಂತ ಕೆಟ್ಟದ್ದು 1978ರ 'ಗೇಮ್ ಆಫ್ ಡೆತ್'. ಬ್ರೂಸ್ ಲೀ ಸಾಯುವ ಮುಂಚೆ ಚಿತ್ರಿಸಿಟ್ಟಿದ್ದ ಕೆಲವು ನಿಮಿಷಗಳ ಹೊಡೆದಾಟಕ್ಕೆ ಬದಲಿ ನಟರನ್ನು ಸೇರಿಸಿ ಕತೆ ಹೊಲಿದರು. ಒಂದು ಕಡೆ ಕನ್ನಡಿಯ ಮೇಲೆ ಅವನ ಮುಖದ ಚಿತ್ರವನ್ನೇ ಅಂಟಿಸಿದ್ದಾರೆ. ಅವನ ನಿಜವಾದ ಅಂತ್ಯಕ್ರಿಯೆಯ ದೃಶ್ಯವನ್ನೂ ಬಿಟ್ಟಿಲ್ಲ.

ನಾನು ನೋಡಿದ ಒಂದು ನಕಲಿ ಚಿತ್ರದ ದಿನ ಟೆಂಟಿನಲ್ಲಿ ಅರ್ಧ ಗಂಟೆಯೊಳಗೆ ಗುಸುಗುಸು ಶುರುವಾಯಿತು. ಮುಖದಲ್ಲಿ ಹೋಲಿಕೆ ಇತ್ತು, ಕೂದಲೂ ಹಾಗೇ ಇತ್ತು. ಆದರೆ ಅವನಲ್ಲ ಇವನು ಎಂದು ಮೊದಲು ಕೂಗಿದವನು ಗಾಡಿ ಹೊಡೆಯುವ ಹುಡುಗ. ಹೇಗೆ ಗೊತ್ತಾಯಿತು ಎಂದರೆ, ಅವನು ಹೊಡೆದ ಮೇಲೆ ನಿಲ್ಲುತ್ತಿದ್ದ, ಇವನು ಹೊಡೆದ ಮೇಲೆ ಅಲ್ಲಾಡುತ್ತಾನೆ ಎಂದ. ಇದಕ್ಕಿಂತ ಒಳ್ಳೆಯ ನಟನಾ ವಿಮರ್ಶೆಯನ್ನು ನಾನು ಕಡಿಮೆ ಓದಿದ್ದೇನೆ. ಬಂಡವಾಳ ಕಡಿಮೆಯಾಯಿತೆಂದು ಅವನು ದೂರಲಿಲ್ಲ. ಅಸಲಿ 'ಎಂಟರ್ ದಿ ಡ್ರ್ಯಾಗನ್' ಕೂಡ ಹಾಲಿವುಡ್ಡಿನ ಲೆಕ್ಕದಲ್ಲಿ ಎಂಟೂವರೆ ಲಕ್ಷ ಡಾಲರಿನ ಬಡ ಚಿತ್ರವೇ.

ಎರಡನೆಯ ಭಾಗ ಎಂದರೆ ನಮ್ಮ ಜನಕ್ಕೆ ತಿರಸ್ಕಾರ ಎಂದುಕೊಳ್ಳಬಾರದು. ಗೊತ್ತಿರುವ ಕತೆಯನ್ನು ಮತ್ತೆ ನೋಡುವುದು ಮಂಡ್ಯ ಜಿಲ್ಲೆಯವರಿಗೆ ಅಭ್ಯಾಸವಾದ ಸುಖ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ನಾಟಕ ಆಡುತ್ತಾರೆ. ಊರಿನವರೇ ಕೈಯಿಂದ ದುಡ್ಡು ಹಾಕಿ, ಡ್ರೆಸ್ಸು, ಸೀನು ಬಾಡಿಗೆಗೆ ತಂದು ಬೆಳಗಿನ ಜಾವದವರೆಗೆ ಆಡುತ್ತಾರೆ. ದುರ್ಯೋಧನನ ತೊಡೆ ಮುರಿಯುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಕೂತಿರುತ್ತಾರೆ, ಈ ಸಲದ ದುರ್ಯೋಧನ ಹೋದ ಸಲದವನಷ್ಟು ಗತ್ತಿನಿಂದ ಸಾಯುತ್ತಾನೋ ಇಲ್ಲವೋ ನೋಡಲು. ಗದಾಯುದ್ಧದಲ್ಲಿ ಭೀಮನ ಪಾತ್ರಧಾರಿ ಎಷ್ಟು ದಪ್ಪ ಇದ್ದರೂ ಎದುರಿಗಿನ ದುರ್ಯೋಧನ ಪೀಚಾದರೆ ಆಟ ಕೆಟ್ಟಿತು. ಭೀಮನಿಗಿಂತ ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಹೆಚ್ಚು ಎಂಬುದನ್ನು ನಮ್ಮ ಸಿನಿಮಾದವರು ಗಮನಿಸಬೇಕಿತ್ತು.

ಕನ್ನಡದಲ್ಲಿ ಇದನ್ನು ಅರಿತಿದ್ದವರು ಇಲ್ಲದಿಲ್ಲ. ದೊರೆ-ಭಗವಾನ್ ಜೋಡಿ 'ಜೇಡರ ಬಲೆ' (1968) ತೆಗೆದು ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು. ಅದೇ ವರ್ಷ ಗೋವಾದಲ್ಲಿ, ಮರುವರ್ಷ ಆಪರೇಷನ್ ಜಾಕ್‌ಪಾಟ್‌ನಲ್ಲಿ, 1978ರಲ್ಲಿ ಡೈಮಂಡ್ ರಾಕೆಟ್‌ನಲ್ಲಿ ಆ 999 ಮತ್ತೆ ಮತ್ತೆ ಬಂದ, ಜನ ಮತ್ತೆ ಮತ್ತೆ ನೋಡಿದರು. ಪ್ರತಿ ಸಲ ಹೊಸ ಊರು, ಹೊಸ ಎದುರಾಳಿ. ಆ 1978ರಲ್ಲೇ ಬಂದ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ನನ್ನ ಲೆಕ್ಕದಲ್ಲಿ ಕನ್ನಡದ ಅತ್ಯುತ್ತಮ ಹೊಡೆದಾಟದ ಚಿತ್ರ. ಕುರೊಸಾವಾನ ಸಮುರಾಯ್ ಚಿತ್ರಗಳ ನೆರಳಿನಲ್ಲಿ ತೆಗೆದದ್ದು. ಅದರಲ್ಲಿ ಶಂಕರ್ ನಾಗ್ ಕೂಲಿಗೆ ಯುದ್ಧ ಮಾಡುವ ಗಂಡುಗಲಿ, ಎದುರು ಪಾಳೆಯದ ಹಿರಿಯ ಸೇನಾನಿ ಸುಂದರ್ ಕೃಷ್ಣ ಅರಸ್. ಒಬ್ಬನ ಚುರುಕು, ಇನ್ನೊಬ್ಬನ ತೂಕ. ಒಬ್ಬರನ್ನೊಬ್ಬರು ಅಳೆಯುತ್ತ, ಗೌರವಿಸುತ್ತ ಹೋಗುವ ಈ ಇಬ್ಬರನ್ನು ನೋಡಿದ್ದರೆ ದೊಡ್ಡ ಮಾಮೂ ತಕರಾರು ಎತ್ತುತ್ತಿರಲಿಲ್ಲ. ಮುಂದೆ ಇದೇ ಶಂಕರ್ ನಾಗ್, ಕರಾಟೆಯನ್ನು ಕ್ರಮವಾಗಿ ಕಲಿಯದೆಯೇ, ಹಳ್ಳಿಹಳ್ಳಿಯಲ್ಲಿ 'ಕರಾಟೆ ಕಿಂಗ್' ಆದರು. ಜನ ಸುಮ್ಮನೆ ಒಪ್ಪಲಿಲ್ಲ. ಅವರ ಮೈಯಲ್ಲಿ ಒಂದು ಅವಸರವಿತ್ತು, ಪರದೆಯ ಮೇಲೆ ಅವರು ಸುಸ್ತಾಗುವುದು ಕಾಣುತ್ತಿತ್ತು.

ಈಗ ನಾನು ಹೇಳಬೇಕಿರುವ ಚಿತ್ರಕ್ಕೆ ಬರುತ್ತೇನೆ. 1996ರಲ್ಲಿ ಥ್ರಿಲ್ಲರ್ ಮಂಜು ನಿರ್ದೇಶನದ 'ಪೊಲೀಸ್ ಸ್ಟೋರಿ' ಬಂತು. ಹೆಸರು ಜಾಕಿ ಚಾನ್‌ನ 1985ರ ಚಿತ್ರದ್ದೇ. ಕತೆ ಮಾತ್ರ ನಮ್ಮದು. ಮಂಜು ಸಾಹಸ ನಿರ್ದೇಶಕರಾಗಿ ಹೆಸರು ಮಾಡಿದವರು. ನಾಯಕ ಸಾಯಿಕುಮಾರ್ ತೆಲುಗಿನಲ್ಲಿ ರಾಜಶೇಖರ್, ಸುಮನ್‌ರಂಥ ನಾಯಕರಿಗೆ ಕಂಠ ಕೊಡುತ್ತಿದ್ದವರು. ಡಬ್ಬಿಂಗ್ ಬಾರದ ಕನ್ನಡ ನಾಡಿಗೆ ಒಬ್ಬ ಡಬ್ಬಿಂಗ್ ಕಲಾವಿದ ತನ್ನದೇ ಮುಖ ಹೊತ್ತು ಬಂದು ಗೆದ್ದದ್ದು ಸೋಜಿಗ. ಆ ಚಿತ್ರದಲ್ಲಿ ಹೊಡೆದಾಡಿದ್ದು ಕೈಕಾಲಿಗಿಂತ ಹೆಚ್ಚಾಗಿ ಗಂಟಲು. ಅಗ್ನಿ ಎಂಬ ಇನ್ಸ್‌ಪೆಕ್ಟರ್ ಬಾಯಿ ತೆರೆದರೆ ವಾಕ್ಯ ಮುಗಿಯುವ ತನಕ ಟಾಕೀಸಿನ ಫ್ಯಾನಿನ ಸದ್ದೂ ಕೇಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹುಡುಗರು ಆ ಸಂಭಾಷಣೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕುರುಕ್ಷೇತ್ರ ನಾಟಕದ ಕಂದಗಳಿಗೆ ಪಳಗಿದ ಕಿವಿಗೆ ಆ ಗತ್ತು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾನೂ ಎರಡು ಸಲ ನೋಡಿದೆ. ಮಂತ್ರಿಯ ಮುಖಕ್ಕೇ ಮಾತು ಒಗೆಯುವ ಒಬ್ಬ ಸಣ್ಣ ಅಧಿಕಾರಿ ಎಂಬುದರಲ್ಲಿ ಜೋಡಿ ತಪ್ಪಿತ್ತು ನಿಜ, ಆದರೆ ದೊಡ್ಡವರ ಮುಂದೆ ಚಿಕ್ಕವನು ನಿಂತಿದ್ದ.

'ಪೊಲೀಸ್ ಸ್ಟೋರಿ 2' ಬಂದದ್ದು 2007ರಲ್ಲಿ, ಹನ್ನೊಂದು ವರ್ಷ ಬಿಟ್ಟು. ಅದೇ ನಿರ್ದೇಶಕ, ಅದೇ ನಾಯಕ. ಗೇಟಿನ ಬಳಿ ನಾನು ಕೇಳಿದ ಅಭಿಪ್ರಾಯಗಳು ಒಂದೇ ಥರ ಇರಲಿಲ್ಲ. ಡೈಲಾಗಿಗೆ ಕೊಟ್ಟ ಕಾಸು ವಸೂಲಾಯಿತು ಎಂದವರಿದ್ದರು. ವಯಸ್ಸಾದರೂ ಗಂಟಲು ಹಾಗೇ ಐತೆ ಎಂದು ಮೆಚ್ಚಿದರು ಕೆಲವರು. ಕಾಲೇಜು ಹುಡುಗರು ನಕ್ಕರು, 'ಮುಂಗಾರು ಮಳೆ' ನೋಡಿ ನೆನೆದಿದ್ದ ತಲೆಗಳವು. ಮೊದಲ ಭಾಗವನ್ನು ನೆಲದ ಮೇಲೆ ಕೂತು ನೋಡಿ ಈಗ ಬಾಲ್ಕನಿಗೆ ಬಡ್ತಿ ಪಡೆದಿದ್ದ ನನ್ನ ವಯಸ್ಸಿನವರೊಬ್ಬರು ಮಾತ್ರ ಬೇರೆ ಮಾತು ಆಡಿದರು. ಆವಾಗ ಇವನು ಬೈಯುವಾಗ ಇವನಿಗೆ ಏನೋ ಆಗಿಬಿಡುತ್ತದೆ ಅಂತ ಭಯವಾಗುತ್ತಿತ್ತು, ಈಗ ಇವನು ಬೈಯುವಾಗ ಎದುರಿಗಿರುವವನಿಗೆ ಏನಾಗುತ್ತದೋ ಅಂತ ಭಯ, ಎಂದರು. ಟೀ ಕುಡಿದು ಹೋದರು. ಅವರ ಹೆಸರೂ ನನಗೆ ಗೊತ್ತಿಲ್ಲ.

ನನಗೆ ಆ ಮಾತು ಬಿಡಲೇ ಇಲ್ಲ. ಬ್ರೂಸ್ ಲೀಯ ಕೈಯಲ್ಲಿ ಏನೂ ಇರಲಿಲ್ಲ. ಅವನ ಎದುರಿಗೆ ಇದ್ದವರ ಕಡೆ ಹಣ, ಬಂದೂಕು, ಪರದೇಶದ ಆಳ್ವಿಕೆ, ಎಲ್ಲ ಇತ್ತು. 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ ಎಂಬ ಫಲಕವನ್ನು ಅವನು ಒದ್ದು ಪುಡಿ ಮಾಡಿದಾಗ ಇಂಗ್ಲಿಷ್ ಬಾರದ ನಮ್ಮ ಟೆಂಟಿನವರಿಗೆ ಆ ಫಲಕದ ಅರ್ಥ ಹೇಗೋ ತಿಳಿದಿತ್ತು. ನಮ್ಮ ಪೊಲೀಸ್ ಚಿತ್ರಗಳು ಅದೇ ಮುಷ್ಟಿಯನ್ನು ತೆಗೆದುಕೊಂಡು ಖಾಕಿ ತೋಳಿಗೆ ಜೋಡಿಸಿದವು. ಈಗ ಆ ಮುಷ್ಟಿಯ ಹಿಂದೆ ಲಾಠಿ ಇದೆ, ಪಿಸ್ತೂಲು ಇದೆ, ಕಾನೂನು ಇದೆ, ಲಾಕಪ್ಪು ಇದೆ. ಎದುರಿಗಿರುವವನು ಎಷ್ಟು ದಾಂಡಿಗನಾದರೂ ಸೋಲು ಮೊದಲೇ ಬರೆದಾಗಿದೆ. ಮೊದಲ ಭಾಗದಲ್ಲಿ ಇಲಾಖೆ, ಮಂತ್ರಿ ಎಲ್ಲರೂ ಅಧಿಕಾರಿಯ ಎದುರು ನಿಂತಿದ್ದಾಗ ಜೋಡಿ ಹೇಗೋ ಕೂಡುತ್ತಿತ್ತು. ಭಾಗ ಎರಡು, ಭಾಗ ಮೂರು ಎಂದು ಬೆಳೆಯುತ್ತ ಹೋದ ಹಾಗೆ ಸಮವಸ್ತ್ರ ದೊಡ್ಡದಾಗುತ್ತದೆ, ಎದುರಾಳಿ ಚಿಕ್ಕದಾಗುತ್ತಾನೆ. ಇದು ಒಂದು ಚಿತ್ರದ ದೋಷವಲ್ಲ, ಇಡೀ ಪೊಲೀಸ್ ಚಿತ್ರಗಳ ದಾರಿಯೇ ಹಾಗೆ. ಡಬ್ಬಿಂಗ್‌ಗೆ ದಾರಿ ತೆರೆದ ಮೇಲೆ 2017ರಲ್ಲಿ ಕನ್ನಡಕ್ಕೆ ಮೊದಲು ಡಬ್ ಆಗಿ ಬಂದದ್ದೂ ಪೊಲೀಸ್ ಚಿತ್ರವೇ, 'ಸತ್ಯದೇವ್ ಐಪಿಎಸ್'.

ಇಂಥ ಚಿತ್ರಗಳಲ್ಲಿ ಭೂಗತ ದೊರೆಗೆ, ಬಾಂಬು ಇಡುವವನಿಗೆ ಯಾರ ಹೆಸರು ಸಿಗುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನಾನು ಹೇಳಬಯಸುವುದು ಸ್ವಲ್ಪ ಮುಜುಗರದ ಸಂಗತಿ. ಲಾಕಪ್ಪಿನಲ್ಲಿ ಕಟ್ಟಿಹಾಕಿ ಹೊಡೆಯುವ ದೃಶ್ಯಕ್ಕೆ ನಾನೂ ಶಿಳ್ಳೆ ಹೊಡೆದಿದ್ದೇನೆ. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ಮೊಹಲ್ಲಾದ ಹುಡುಗರೂ ಹೊಡೆದಿದ್ದಾರೆ. ಮನೆಗೆ ಹೋಗುವ ದಾರಿಯಲ್ಲಿ ರಾತ್ರಿ ಗಸ್ತಿನ ಜೀಪು ಕಂಡರೆ ಸೈಕಲ್ ಇಳಿದು ಗೋಡೆ ಬದಿಗೆ ಸರಿಯುತ್ತಿದ್ದವರೂ ಅವರೇ. ನೆಲದ ಪ್ರೇಕ್ಷಕನಿಗೆ ಎಲ್ಲ ಗೊತ್ತಿರುತ್ತದೆ ಎಂದು ನಾನು ಹೊಗಳುತ್ತಿಲ್ಲ. ಅವನ ಅಳತೆಗೋಲು ಅವನ ಕೈಯಿಂದಲೇ ಜಾರುವುದುಂಟು. ಕಟ್ಟಿಹಾಕಿದವನನ್ನು ಹೊಡೆಯುವುದು ಗರಡಿಯ ಮಾತಿನಲ್ಲಿ ಕುಸ್ತಿಯೇ ಅಲ್ಲ. ಅದನ್ನು ಗರಡಿಯಲ್ಲಿ ಬೆಳೆದ ಊರು ಚಪ್ಪಾಳೆ ತಟ್ಟಿ ಸ್ವೀಕರಿಸಿತು.

ಹಾಗಾದರೆ ಜೋಡಿ ಯಾವಾಗಲೂ ಸಮವಾಗಿಯೇ ಇರಬೇಕೆ? ನಮ್ಮ ಆಪಾ ಇದಕ್ಕೆ ಒಂದು ತಿದ್ದುಪಡಿ ಕೊಟ್ಟಿದ್ದಾಳೆ. ಫೈಟಿಂಗ್ ಪಿಕ್ಚರಿಗೆ ಹೆಂಗಸರು ಬರುತ್ತಿದ್ದುದು ಕಡಿಮೆ. ಮಾಲಾಶ್ರೀ ಹೊಡೆಯಲು ನಿಂತ ಮೇಲೆ ಬರತೊಡಗಿದರು. 'ದುರ್ಗಿ' (2004) ನೋಡಲು ಹೆಂಗಸರ ಕಡೆ ಜಾಗ ಸಾಲದೆ ಗಂಡಸರ ಬೆಂಚಿನಲ್ಲಿ ಎರಡು ಸಾಲು ಬಿಟ್ಟುಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಒಬ್ಬ ಹೆಂಗಸು ಹತ್ತು ಗಂಡಸರನ್ನು ಹೊಡೆಯುವುದುಂಟೇ, ಜೋಡಿ ಎಲ್ಲಿ ಸರಿಹೋಯಿತು ಎಂದು ನಾನು ಆಪಾಳನ್ನು ಕೆಣಕಿದೆ. ಮನೆಯಲ್ಲಿ ದಿನವೂ ಜೋಡಿ ತಪ್ಪಿಯೇ ನಡೆಯುತ್ತದೆ, ಸಿನಿಮಾದಲ್ಲಿ ಒಂದು ಸಲ ಈ ಕಡೆಗೆ ತಪ್ಪಲಿ ಬಿಡು ಎಂದಳು. ಕೆ.ಆರ್. ಪೇಟೆ ಕಡೆಯ ಮಕ್ಕಳು ಶಾಲೆಯಲ್ಲಿ ಓದುವ ಹೊಯ್ಸಳ ಲಾಂಛನದಲ್ಲೂ ಪುಟ್ಟ ಹುಡುಗ, ದೊಡ್ಡ ಮೃಗ. ಅಲ್ಲಿಯೂ ಜೋಡಿ ತಪ್ಪಿದೆ, ಚಿಕ್ಕವನ ಕಡೆಗೆ.

2007ರ ಇನ್ನೊಂದು ಚಿತ್ರವನ್ನು ಇಲ್ಲಿ ನೆನೆಯಲೇಬೇಕು, ಸೂರಿಯವರ 'ದುನಿಯಾ'. ಅದರ ನಾಯಕ ವಿಜಯ್ ಹಿಂದೆ ಸಣ್ಣಪುಟ್ಟ ಪಾತ್ರ, ಫೈಟು ಮಾಡಿಕೊಂಡಿದ್ದವರು. ಕಲ್ಲು ಒಡೆಯುವವನ ಪಾತ್ರ. ಆ ಚಿತ್ರ ನೋಡಿ ಬಂದವರು ಗೇಟಿನಲ್ಲಿ ಹೇಳಿದ್ದು ಫೈಟು ನಿಜ ಇದ್ದಂಗೈತೆ ಎಂದು. ಅಂದರೆ ಹೊಡೆತ ತಿಂದವನಿಗೆ ನೋವಾಗಿತ್ತು, ಹೊಡೆದವನಿಗೂ ಆಗಿತ್ತು. ನಾನದನ್ನು ಮೆಚ್ಚಿದವರಲ್ಲಿ ಒಬ್ಬ. ಆದರೆ 'ನಿಜ' ಎಂಬ ಈ ಬೇಡಿಕೆಗೆ ಬೆಲೆ ತೆತ್ತವರು ಯಾರೆಂದು ಒಂಬತ್ತು ವರ್ಷದ ಮೇಲೆ ಗೊತ್ತಾಯಿತು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರೀಕರಣ. ನಾಯಕ ವಿಜಯ್ ಜೊತೆಗೆ ಖಳರ ಪಾತ್ರದ ಅನಿಲ್ ಮತ್ತು ಉದಯ್ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದರು. ತಮಗೆ ಈಜು ಸರಿಯಾಗಿ ಬಾರದೆಂದು ಜಿಗಿಯುವ ಮುಂಚೆ ಟಿವಿ ಕ್ಯಾಮೆರಾ ಮುಂದೆ ಆ ಇಬ್ಬರೂ ಹೇಳಿಕೊಂಡಿದ್ದರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ನಾಯಕ ಬದುಕಿದರು, ಇವರಿಬ್ಬರೂ ಮುಳುಗಿದರು. 2021ರ ಆಗಸ್ಟಿನಲ್ಲಿ ಬಿಡದಿಯ ಹತ್ತಿರ ಇನ್ನೊಂದು ಚಿತ್ರದ ಸಾಹಸ ದೃಶ್ಯದ ವೇಳೆ ವಿದ್ಯುತ್ ತಗುಲಿ ಮತ್ತೊಬ್ಬ ಫೈಟರ್ ತೀರಿಕೊಂಡ.

ಜಾಕಿ ಚಾನ್ ತನ್ನ ಚಿತ್ರಗಳ ಕೊನೆಗೆ ಹೆಸರುಗಳು ಓಡುವಾಗ ಬಿದ್ದ, ಪೆಟ್ಟಾದ, ತಪ್ಪಿದ ಶಾಟ್‌ಗಳನ್ನು ತೋರಿಸುತ್ತಾನೆ. 1986ರ 'ಆರ್ಮರ್ ಆಫ್ ಗಾಡ್' ವೇಳೆ ಮರದಿಂದ ಬಿದ್ದು ತಲೆಬುರುಡೆ ಒಡೆದುಕೊಂಡದ್ದೂ ಅದರಲ್ಲಿ ಸೇರಿದೆ. ನಮ್ಮೂರಿನ ಟಾಕೀಸುಗಳಲ್ಲಿ ಜನ ಸಾಮಾನ್ಯವಾಗಿ ಕೊನೆಯ ಏಟು ಬಿದ್ದ ಕೂಡಲೇ ಏಳುತ್ತಾರೆ, ಜಾಕಿ ಚಾನ್ ಚಿತ್ರಕ್ಕೆ ಮಾತ್ರ ಕೂತಿರುತ್ತಿದ್ದರು. ಪೆಟ್ಟು ತಿಂದವನ ಮುಖ ನೋಡಬೇಕು ಅವರಿಗೆ. ಕನ್ನಡದ ಯಾವ ಫೈಟಿಂಗ್ ಚಿತ್ರವೂ ತನ್ನ ಬಿದ್ದವರನ್ನು ಹೀಗೆ ತೋರಿಸಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಈಗ 'ಕೆಜಿಎಫ್' (2018, 2022) ಬಂದ ಮೇಲೆ ಎರಡನೆಯ ಭಾಗವನ್ನು ಮೊದಲನೆಯದರ ಜೊತೆಗೇ ಘೋಷಿಸುವುದು ರೂಢಿಯಾಗಿದೆ. ದುಡ್ಡು ನೂರು ಪಟ್ಟಾಯಿತು. ಬೀಳುವವರ ಮುಖ ಇನ್ನೂ ಕತ್ತಲಲ್ಲೇ ಇದೆ.

ಟೆಂಟುಗಳು ಹೋದವು. ಗೇಟಿನ ಬಳಿ ನಿಂತು ಹೆಂಗೈತೆ ಎಂದು ಕೇಳುವ ಜಾಗವೇ ಇಲ್ಲವಾಗುತ್ತಿದೆ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ವೇಳೆ ಗಲಭೆಯಾಗಿ ಅಂಗಡಿಗಳು ಉರಿದ ಸುದ್ದಿ ಓದಿದಾಗ ನನಗೆ ಅಲ್ಲಿ ಹಿಂದೆ ಕೂತು ನೋಡಿದ ಒಂದು ಮರದ ಬೆಂಚು ನೆನಪಾಯಿತು. ಸಿನಿಮಾ ಬೆಂಚು ನಮ್ಮನ್ನು ಒಂದು ಮಾಡಿತ್ತು ಎಂದು ನಾನು ಹೇಳಲಾರೆ, ಅದು ಸುಳ್ಳಾಗುತ್ತದೆ. ಬೆಂಚಿನಲ್ಲಿ ಜೊತೆಗೆ ಕೂತವರೇ ಹೊರಗೆ ಬಂದು ಬೇರೆ ಬೇರೆ ಬೀದಿ ಹಿಡಿಯುತ್ತಿದ್ದರು. ಆದರೆ ಒಬ್ಬನನ್ನು ಹತ್ತು ಜನ ಸೇರಿ ಹೊಡೆದರೆ ಇಡೀ ಬೆಂಚು ಒಟ್ಟಿಗೆ ಛೀ ಎನ್ನುತ್ತಿತ್ತು. ಆ ಛೀ ನನಗೆ ಚೆನ್ನಾಗಿ ನೆನಪಿದೆ.

ದೊಡ್ಡ ಮಾಮೂಗೆ ಈಗ ತೊಂಬತ್ತರ ಹತ್ತಿರ. ಕಣ್ಣು ಮಂಜಾಗಿದೆ. ಹೋದ ರಂಜಾನಿನಲ್ಲಿ ಪಾಂಡವಪುರಕ್ಕೆ ಹೋಗಿದ್ದಾಗ ಅವರ ಮೊಮ್ಮಗ ಮೊಬೈಲಿನಲ್ಲಿ ಯಾವುದೋ ಫೈಟಿನ ತುಣುಕು ನೋಡುತ್ತಿದ್ದ. ಅಜ್ಜನ ಮುಖದ ಹತ್ತಿರ ಹಿಡಿದು ಹೇಗಿದೆ ಎಂದು ಕೇಳಿದ. ಅವರು ಬಹಳ ಹೊತ್ತು ನೋಡಿದರು. ಜೋಡಿಯ ಮಾತು ಬರುತ್ತದೆಂದು ನಾನು ಕಾದೆ. ಅವರು ಪರದೆಯ ಮೂಲೆಗೆ ಬೆರಳಿಟ್ಟು, ಮೇಜಿನ ಮೇಲಿಂದ ಬಿದ್ದವನು ಎದ್ದನೇ ಎಂದು ಕೇಳಿದರು. ಹುಡುಗ ಹಿಂದಕ್ಕೆ ಎಳೆದು ಮತ್ತೆ ಹಾಕಿದ. ನಾವು ಮೂವರೂ ನೋಡಿದೆವು. ಅವನು ಬಿದ್ದ ಕೂಡಲೇ ಶಾಟು ಬದಲಾಗುತ್ತದೆ.